ಹಳೆಯ ತಂತ್ರಾಂಶವನ್ನು ಕೈಬಿಡುವ ಕಾಲ

ಯಾವ ವಸ್ತುವು ಯಾವಾಗ ಹಳೆಯದಾಯಿತೆಂದು ಹೇಳುವುದು ಸಾಮಾನ್ಯವಾಗಿ ಕಷ್ಟದ ಕೆಲಸವಲ್ಲ. ಗಾಡಿಯ ಅಚ್ಚು ಸವೆದರೆ ಗಾಡಿಯ ಸದ್ದೇ ಅದನ್ನು ಹೇಳುತ್ತದೆ. ಮನೆಯ ತೊಲೆಗೆ ಗೆದ್ದಲು ಹಿಡಿದರೆ ಕೆಳಗೆ ಉದುರಿದ ಹುಡಿಯೇ ಅದಕ್ಕೆ ಸಾಕ್ಷಿ. ಬಳಸಿದಷ್ಟೂ ಸವೆಯುವುದು ಲೋಕದ ಪದಾರ್ಥಗಳಿಗೆಲ್ಲ ಸಹಜವಾದ ಧರ್ಮ. ಈ ಧರ್ಮಕ್ಕೆ ಹೊರಗಾದ ಒಂದು ವಸ್ತುವನ್ನು ನಮ್ಮ ಕಾಲವು ಸೃಷ್ಟಿಸಿಕೊಂಡಿರುವುದು. ಗಣಕಯಂತ್ರವನ್ನು ನಡೆಯಿಸುವ ತಂತ್ರಾಂಶವೇ ಅದು. 2001ರಲ್ಲಿ ಬರೆದ ತಂತ್ರಾಂಶವು, ಅದಕ್ಕೆ ತಕ್ಕ ಯಂತ್ರವೊಂದು ದೊರೆತರೆ, ಈ ದಿನವೂ ಅಂದಿನಂತೆಯೇ, ಒಂದಕ್ಷರವೂ ಮಾಸದೆ ನಡೆಯುವುದು. ಅದಕ್ಕೆ ತುಕ್ಕಿಲ್ಲ, ಗೆದ್ದಲಿಲ್ಲ. ಆದರೂ ಅದಕ್ಕೆ ಮುಪ್ಪುಂಟು. ಅಷ್ಟೇ ಅಲ್ಲ, ಇಂಥ ವರ್ಷದ ಇಂಥ ತಿಂಗಳ ಇಂಥ ದಿನಕ್ಕೆ ಅದರ ಆಯುಸ್ಸು ತೀರುವುದೆಂದು ಮುಂಚಿತವಾಗಿಯೇ ಸಾರುವ ಪದ್ಧತಿಯೂ ಉಂಟು. ತಾನಾಗಿ ಸಾಯದ ವಸ್ತುವಿಗೆ ಅವಸಾನದ ದಿನವನ್ನು ಗೊತ್ತುಮಾಡುವವರು ಯಾರು, ಯಾವ ಲೆಕ್ಕದಿಂದ ಗೊತ್ತುಮಾಡುತ್ತಾರೆ, ಆ ಮಾತಿಗೆ ನಿಂತಾಗ ಏನಾಯಿತು, ತಪ್ಪಿದಾಗ ಏನಾಯಿತು ಎಂಬುದರ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಇದು ಯಂತ್ರಜ್ಞರ ಮನೆಮಾತೆಂದು ಭಾವಿಸಿ ಹಾಳೆಯನ್ನು ತಿರುವಿಹಾಕಬೇಕಾದುದಿಲ್ಲ. ರೋಗಿಯ ಚೀಟಿ, ಬ್ಯಾಂಕಿನ ಹಣ, ಕನ್ನಡದ ಅಕ್ಷರ ಇವು ಮೂರೂ ಈ ಕಥೆಯೊಳಗೆ ಬರುತ್ತವೆ.

ಮೊದಲು 'ಬೆಂಬಲ'ವೆಂಬ ಮಾತಿನ ಅರ್ಥವನ್ನು ತಿಳಿಯುವುದು ಒಳ್ಳೆಯದು. ಗಣಕಯಂತ್ರದಲ್ಲಿ ಉಳಿದೆಲ್ಲ ತಂತ್ರಾಂಶಗಳಿಗೂ ನೆಲಗಟ್ಟಾಗಿ ನಿಲ್ಲುವ ಒಂದು ಹಿರಿಯ ತಂತ್ರಾಂಶವಿರುತ್ತದೆ; ಕಾರ್ಯಾಚರಣ ವ್ಯವಸ್ಥೆಯೆಂದು ಅದನ್ನು ಕರೆಯುವರು. ಲಕ್ಷಾಂತರ ಸಾಲುಗಳ ಆ ಬರವಣಿಗೆಯಲ್ಲಿ ಬಿರುಕುಗಳಿಲ್ಲದಿರುವುದು ಅಸಂಭವ. ಮಾರಿದ ಅಥವಾ ಹಂಚಿದ ಬಳಿಕವೂ ತಯಾರಕರು ಅಂಥ ಬಿರುಕುಗಳನ್ನು ಹುಡುಕಿ, ಕಳ್ಳನ ಕಣ್ಣಿಗೆ ಬೀಳುವುದಕ್ಕೆ ಮುಂಚೆ ಅಥವಾ ಬಿದ್ದೊಡನೆಯೆ, ಒಂದೊಂದು ತೇಪೆಯನ್ನು ಮನೆಮನೆಯ ಯಂತ್ರಕ್ಕೂ ಕಳುಹಿಸುತ್ತ ಬರುತ್ತಾರೆ. ಇದೇ ಬೆಂಬಲ. ಅದು ನಿಂತ ದಿನ ಯಂತ್ರವು ನಿಲ್ಲುವುದಿಲ್ಲ. ಮಾರನೆಯ ಬೆಳಗ್ಗೆ ಎಂದಿನಂತೆಯೇ ಹೊತ್ತಿಕೊಳ್ಳುತ್ತದೆ. ನಿಂತುಹೋದುದು ರಾತ್ರಿಯ ಕಾವಲುಗಾರನ ಸುತ್ತು ಮಾತ್ರ. ಕಾವಲುಗಾರನು ಬರುವುದಿಲ್ಲವೆಂಬುದು ಮನೆಯವರಿಗೆ ಅನೇಕ ವೇಳೆ ಗೊತ್ತಿರುವುದಿಲ್ಲ. ಕಳ್ಳನಿಗೆ ಮಾತ್ರ ಗೊತ್ತಿರುತ್ತದೆ.

ಹಾಗಾದರೆ ಕಾವಲನ್ನು ಎಂದೆಂದಿಗೂ ನಡೆಸಬಾರದೇಕೆ ಎಂದು ಕೇಳಬಹುದು. ಭಾರವಾಗುವುದೆಂಬುದೇ ಅದಕ್ಕೆ ಉತ್ತರ. ಆ ಭಾರದ ಬಗೆಯನ್ನು ತಿಳಿಯುವುದಕ್ಕೆ ಲಿನಕ್ಸೆಂಬ ವ್ಯವಸ್ಥೆಯ ಚರಿತ್ರೆಯಲ್ಲಿ ಒಂದು ಸಣ್ಣ ಪ್ರಸಂಗವಿದೆ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸರು 1991ರ ಜನವರಿಯಲ್ಲಿ ಇಂಟೆಲ್ ಕಂಪೆನಿಯ 386 ಎಂಬ ಸಂಸ್ಕಾರಕವುಳ್ಳ ಯಂತ್ರವೊಂದನ್ನು ಕೊಂಡರು. ಆ ಸಂಸ್ಕಾರಕವು 1985ರಲ್ಲಿ ಹೊರಬಂದಿದ್ದುದು. ಲಿನಕ್ಸು ಹುಟ್ಟಿದ್ದು ಅದರ ಮೇಲೆಯೇ. ಮೊದಮೊದಲು ಅದು ಆ ಯಂತ್ರದ ಹೊರತು ಬೇರೆಲ್ಲಿಯೂ ನಡೆಯಲಾರದಷ್ಟು ಅದಕ್ಕೆ ಅಂಟಿಕೊಂಡಿದ್ದಿತು. ಇಪ್ಪತ್ತೊಂದು ವರ್ಷಗಳ ತರುವಾಯ, 2012ರ ಡಿಸೆಂಬರಿನಲ್ಲಿ, ಇಂಗೊ ಮೊಲ್ನಾರರೆಂಬ ಸಹೋದ್ಯೋಗಿಯು 386ನ್ನು ಲಿನಕ್ಸಿನಿಂದ ಪೂರ್ತಿಯಾಗಿ ತೆಗೆದುಹಾಕುವ ಬದಲಾವಣೆಯನ್ನು ಟೊರ್ವಾಲ್ಡ್ಸರ ಮುಂದಿಟ್ಟರು.

ಕಾರಣವಿಷ್ಟು. ಸ್ಮೃತಿಯ ಒಂದು ಕೋಶದಲ್ಲಿರುವ ಬೆಲೆಯನ್ನು ನೋಡಿ, ಅದು ತಾನು ನಿರೀಕ್ಷಿಸಿದ್ದೇ ಆಗಿದ್ದಲ್ಲಿ ಮಾತ್ರ ಬದಲಾಯಿಸುವ ಕೆಲಸವನ್ನು, ನಡುವೆ ಮತ್ತೊಬ್ಬರ ಕೈ ಹೋಗದಂತೆ, ಒಂದೇ ಆಜ್ಞೆಯಲ್ಲಿ ಮುಗಿಸುವ ಶಕ್ತಿಯು 1989ರಲ್ಲಿ ಬಂದ 486ಕ್ಕೆ ಇದ್ದಿತು, 386ಕ್ಕೆ ಇರಲಿಲ್ಲ. ಒಂದೇ ಯಂತ್ರದಲ್ಲಿ ಹಲವು ಸಂಸ್ಕಾರಕಗಳು ಒಟ್ಟಿಗೆ ದುಡಿಯುವ ಕಾಲದಲ್ಲಿ ಈ ಆಜ್ಞೆಯಿಲ್ಲದೆ ಹೆಜ್ಜೆಯಿಡುವುದೇ ಕಷ್ಟ. ಆದಕಾರಣ ಲಿನಕ್ಸಿನ ಆ ಭಾಗವನ್ನು ಮುಟ್ಟಿದಾಗಲೆಲ್ಲ, ಯಾರೂ ಬಳಸದ ಮುದಿ ಯಂತ್ರವೊಂದರ ಸಲುವಾಗಿ, ಒಂದು ಸುತ್ತುದಾರಿಯನ್ನೂ ಕಡಿದಿಡಬೇಕಾಗುತ್ತಿದ್ದಿತು. ಒಂದು ವಿನೋದದ ಸಂಗತಿಯೆಂದರೆ, ಈ ಬದಲಾವಣೆಯಿಂದ ಟೊರ್ವಾಲ್ಡ್ಸರು 1991ರಲ್ಲಿ ಕೊಂಡಿದ್ದ ಅವರ ಸ್ವಂತ ಯಂತ್ರವೂ ಇನ್ನು ಹೊಸ ಲಿನಕ್ಸನ್ನು ನಡೆಸಲಾರದಾಗುವುದೆಂದು ಮೊಲ್ನಾರರು ಅರ್ಧ ಹಾಸ್ಯದಿಂದ, ಅರ್ಧ ಮರುಕದಿಂದ ತಿಳಿಸಿದರು. ತಮಗೆ ಅಂಥ ಭಾವುಕತೆಯೇನೂ ಇಲ್ಲ, ಹೋದುದೇ ಲೇಸಾಯಿತೆಂದು ಟೊರ್ವಾಲ್ಡ್ಸರು ಉತ್ತರ ಕೊಟ್ಟರು. 2013ರ ಫೆಬ್ರವರಿಯಲ್ಲಿ ಹೊರಬಂದ 3.8ನೆಯ ಆವೃತ್ತಿಯಲ್ಲಿ 386ಕ್ಕೆ ಸ್ಥಳವಿರಲಿಲ್ಲ. ಯಾವ ಗಲಾಟೆಯೂ ಆಗಲಿಲ್ಲ. ಇಂಟೆಲ್ಲೇ 2007ರಲ್ಲಿ ಅದನ್ನು ತಯಾರಿಸುವುದನ್ನು ನಿಲ್ಲಿಸಿದ್ದಿತು. ಬೇಕೆಂದವರಿಗೆ ಹಳೆಯ ಲಿನಕ್ಸು ಪುಕ್ಕಟೆಯಾಗಿ ದೊರೆಯುತ್ತಲೇ ಇದ್ದಿತು. ಮನೆಯೊಳಗೆ ಯಾರೂ ಇಲ್ಲದಿರುವಾಗ ಮನೆಯನ್ನು ಕೆಡಹುವುದರಲ್ಲಿ ತೊಡಕೇನು?

ಒಳಗೆ ಜನವಿರುವಾಗಲೇ ತೊಡಕು. ಆ ಕಥೆಯು ವಿಂಡೋಸ್ ಎಕ್ಸ್‌ಪಿಯದು.

ಮೈಕ್ರೋಸಾಫ್ಟ್ ಕಂಪೆನಿಯ ಈ ವ್ಯವಸ್ಥೆಯು 2001ರ ಅಕ್ಟೋಬರ್ 25ರಂದು ಮಾರಾಟಕ್ಕೆ ಬಂದಿತು. ನೀಲಿಯ ಆಕಾಶದ ಕೆಳಗೆ ಹಸುರಾದ ಗುಡ್ಡವೊಂದರ ಚಿತ್ರವುಳ್ಳ ಅದರ ಮುಖವನ್ನು ನೋಡದ ವಾಚಕರು ವಿರಳ. ಕನ್ನಡಿಗರಿಗೆ ಅದರ ಮೇಲೆ ವಿಶೇಷವಾದ ಒಂದು ಋಣವೂ ಉಂಟು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಮಾಲೆಯನ್ನು ಕಲ್ಪಿಸುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲನೆಯ ಆವೃತ್ತಿಯಲ್ಲಿಯೇ ಸ್ಥಾನವು ದೊರೆತಿದ್ದರೂ, ವಿಂಡೋಸಿನಲ್ಲಿ ಆ ಕನ್ನಡವು ಕಣ್ಣಿಗೆ ಕಾಣಿಸಿಕೊಂಡದ್ದು ಎಕ್ಸ್‌ಪಿಯಲ್ಲಿಯೇ. ಅದರೊಡನೆ ಬಂದ ಕನ್ನಡದ ಅಕ್ಷರಜೋಡಣೆಗೆ 'ತುಂಗಾ' ಎಂದು ನಮ್ಮ ನದಿಯ ಹೆಸರನ್ನೇ ಇಟ್ಟಿದ್ದರು.

ತನ್ನ ವ್ಯವಸ್ಥೆಗಳಿಗೆ ಐದು ವರ್ಷ ಪೂರ್ಣ ಬೆಂಬಲ, ಬಳಿಕ ಐದು ವರ್ಷ ಬಿರುಕು ಮುಚ್ಚುವ ಬೆಂಬಲ ಎಂಬುದು ಆ ಕಂಪೆನಿಯು ಹಾಕಿಕೊಂಡಿದ್ದ ನಿಯಮ. ನೋಡುವುದಕ್ಕೆ ಇದು ಉದಾರವಾದುದೇ. ಆದರೆ ಹತ್ತು ವರ್ಷಗಳನ್ನು ಯಾವ ದಿನದಿಂದ ಎಣಿಸಬೇಕು? ಎಕ್ಸ್‌ಪಿಯ ಉತ್ತರಾಧಿಕಾರಿಯಾದ ವಿಸ್ಟಾ ತಡವಾಗಿ, 2007ರ ಜನವರಿಯಲ್ಲಿ ಜನಸಾಮಾನ್ಯರ ಕೈಸೇರಿತು. ಬಂದದ್ದೂ ಜನರಿಗೆ ಹಿಡಿಸಲಿಲ್ಲ. ಅದನ್ನು ಕೊಂಡ ಅನೇಕರು ಅದನ್ನು ತೆಗೆದು ಎಕ್ಸ್‌ಪಿಯನ್ನೇ ಮತ್ತೆ ಹಾಕಿಸಿಕೊಂಡರು. 2008ರ ಜೂನಿಗೆ ಎಕ್ಸ್‌ಪಿಯ ಮಾರಾಟವನ್ನು ನಿಲ್ಲಿಸಬೇಕೆಂದು ಕಂಪೆನಿಯು ಗೊತ್ತುಮಾಡಿದ್ದಿತು. ಅಷ್ಟರಲ್ಲಿ ನೆಟ್‌ಬುಕ್ಕೆಂಬ, ಅಗ್ಗದ ಬೆಲೆಯ, ಸಣ್ಣ ಶಕ್ತಿಯ ಯಂತ್ರಗಳು ಪೇಟೆಗೆ ಬಂದವು. ವಿಸ್ಟಾದ ಭಾರವನ್ನು ಅವು ಹೊರಲಾರವು. ಬಿಟ್ಟರೆ ಲಿನಕ್ಸು ಆ ಪೇಟೆಯನ್ನು ಕಬಳಿಸುವ ಸಂಭವವಿದ್ದಿತು. ಆದಕಾರಣ ಅವುಗಳಿಗೆಂದೇ ಎಕ್ಸ್‌ಪಿಯ ಮಾರಾಟವು ಮುಂದುವರಿದು, 2010ರ ಅಕ್ಟೋಬರಿನಲ್ಲಿ ನಿಂತಿತು. ಆ ವರ್ಷ ದಸರೆಗೆಂದು ಮಗನಿಗೆ ಒಂದು ನೆಟ್‌ಬುಕ್ಕನ್ನು ಕೊಡಿಸಿದ ಗೃಹಸ್ಥನನ್ನು ವಾಚಕರು ಊಹಿಸಿಕೊಳ್ಳಲಿ. ಕಂಪೆನಿಯ ಲೆಕ್ಕದಲ್ಲಿ ಅದು ಒಂಬತ್ತು ವರ್ಷದ ಮುದಿ ವ್ಯವಸ್ಥೆ. ಆ ಗೃಹಸ್ಥನ ಲೆಕ್ಕದಲ್ಲಿ ಪೆಟ್ಟಿಗೆಯಿಂದ ಆಗತಾನೆ ತೆಗೆದ ಹೊಸ ವಸ್ತು. ಹುಟ್ಟಿದ ದಿನದಿಂದ ಎಣಿಸಿದರೆ ಹನ್ನೆರಡೂವರೆ ವರ್ಷದ ಬೆಂಬಲ, ಮಾರಿದ ದಿನದಿಂದ ಎಣಿಸಿದರೆ ಮೂರೂವರೆ ವರ್ಷ. ಈ ಎರಡು ಲೆಕ್ಕಗಳ ನಡುವಿನ ಅಂತರವೇ ಮುಂದಿನ ಬಹುಮಟ್ಟಿನ ಅನರ್ಥಕ್ಕೆ ಮೂಲವೆಂದು ನನ್ನ ಅಭಿಪ್ರಾಯ. ಬಿಡುವ ದಿನದ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರು ಕೊಡುವ ದಿನದ ವಿಷಯದಲ್ಲಿಯೂ ಹಾಗೆಯೇ ಇರಬೇಕಾಗಿದ್ದಿತಷ್ಟೆ.

ಕಡೆಗೆ 2014ರ ಏಪ್ರಿಲ್ 8 ಎಂದು ದಿನವು ನಿಂತಿತು. ಇದನ್ನು ಗುಟ್ಟಾಗಿ ಇಟ್ಟಿರಲಿಲ್ಲ. ವರ್ಷಗಳ ಮುಂಚಿನಿಂದಲೇ ಸಾರುತ್ತ ಬಂದಿದ್ದರು. ಆದರೂ ಆ ದಿನ ಬಂದಾಗ ಜಗತ್ತಿನ ಮೇಜಿನ ಮೇಲಣ ಗಣಕಯಂತ್ರಗಳಲ್ಲಿ ನಾಲ್ಕರಲ್ಲೊಂದಕ್ಕಿಂತ ಹೆಚ್ಚು ಎಕ್ಸ್‌ಪಿಯಲ್ಲಿಯೇ ನಡೆಯುತ್ತಿದ್ದವೆಂದು ಅಂದಿನ ಗಣನೆಗಳಿಂದ ತಿಳಿಯುತ್ತದೆ. ಹದಿನೆಂಟು ದಿನಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ದೊಡ್ಡದೊಂದು ಬಿರುಕು ಬಯಲಿಗೆ ಬಂದಿತು. ಮುಗಿಯಿತೆಂದು ಸಾರಿದ ಇಪ್ಪತ್ತಮೂರನೆಯ ದಿನ, ಮೇ 1ರಂದು, ಕಂಪೆನಿಯು ಎಕ್ಸ್‌ಪಿಗೂ ತೇಪೆಯನ್ನು ಕೊಟ್ಟಿತು. ಇದು ದಯೆಯೇ ಸರಿ. ಆದರೆ 'ಹೇಗೂ ಕೊಡುತ್ತಾರೆ' ಎಂಬ ಧೈರ್ಯವನ್ನು ಸೋಮಾರಿಗಳಿಗೆ ತಂದುಕೊಟ್ಟ ದಯೆ.

ಹಣ ತೆತ್ತವರಿಗೆ ಮಾತ್ರ ತೇಪೆಯ ಸರಬರಾಜು ನಡೆಯುತ್ತಲೇ ಇದ್ದಿತೆಂಬುದನ್ನು ಇಲ್ಲಿ ಹೇಳಬೇಕು. ಬ್ರಿಟಿಷ್ ಸರ್ಕಾರವು 2014ರಲ್ಲಿ ಒಂದು ವರ್ಷದ ಅವಧಿಗೆ ಸುಮಾರು 55 ಲಕ್ಷ ಪೌಂಡುಗಳನ್ನು ಕೊಟ್ಟು ತನ್ನ ಕಚೇರಿಗಳಿಗೂ ಆಸ್ಪತ್ರೆಗಳಿಗೂ ಇಂಥ ಕಾವಲನ್ನು ಕೊಂಡುಕೊಂಡಿತು. 2015ರ ಏಪ್ರಿಲಿನೊಳಗೆ ಎಕ್ಸ್‌ಪಿಯಂಥ ಹಳೆಯ ವ್ಯವಸ್ಥೆಗಳನ್ನು ಬಿಡುವ ಏರ್ಪಾಟು ಮಾಡಿಕೊಳ್ಳಬೇಕೆಂದು ಆಸ್ಪತ್ರೆಗಳ ಆಡಳಿತಗಳಿಗೆ ಪತ್ರವೂ ಹೋಯಿತು. ವರ್ಷ ಕಳೆಯಿತು, ಒಪ್ಪಂದವು ಮುಂದುವರಿಯಲಿಲ್ಲ, ಯಂತ್ರಗಳಲ್ಲಿ ಕೆಲವು ಹಾಗೆಯೇ ಉಳಿದವು. ಇದನ್ನು ಬರಿಯ ಉದಾಸೀನವೆಂದು ಜರೆಯುವುದು ನ್ಯಾಯವಲ್ಲ. ಎಕ್ಸ್‌ಪಿಯು ಅಲ್ಲಿ ಗುಮಾಸ್ತರ ಮೇಜಿನ ಮೇಲೆ ಮಾತ್ರ ಇರಲಿಲ್ಲ. ದೇಹದ ಒಳಭಾಗದ ಚಿತ್ರವನ್ನು ತೆಗೆಯುವಂಥ ಭಾರಿ ಬೆಲೆಯ ಉಪಕರಣಗಳ ಹೊಟ್ಟೆಯಲ್ಲಿಯೂ ಇದ್ದಿತು. ಆ ಉಪಕರಣದ ಆಯುಸ್ಸು ಬೇರೆ, ಅದರೊಳಗಿನ ವ್ಯವಸ್ಥೆಯ ಆಯುಸ್ಸು ಬೇರೆ. ಎತ್ತು ಮುದಿಯಾಯಿತೆಂದು ಹೊಲವನ್ನೇ ಮಾರಲಾದೀತೆ?

2017ರ ಮೇ 12, ಶುಕ್ರವಾರ. 'ವಾನಾಕ್ರೈ' ಎಂಬ ಹೆಸರಿನ ಒಂದು ಪಿಡುಗು ಕೆಲವೇ ಗಂಟೆಗಳಲ್ಲಿ ದೇಶದೇಶಗಳ ಗಣಕಯಂತ್ರಗಳಿಗೆ ಹರಡಿ, ಒಳಗಿನ ಕಡತಗಳಿಗೆಲ್ಲ ಬೀಗಹಾಕಿ, ಬೀಗದ ಕೈಗೆ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಅಮೆರಿಕೆಯ ರಾಷ್ಟ್ರೀಯ ಭದ್ರತಾ ಸಂಸ್ಥೆಯು ತನ್ನ ಉಪಯೋಗಕ್ಕಾಗಿ ಗುಟ್ಟಾಗಿ ಇಟ್ಟುಕೊಂಡಿದ್ದು, ಅದು ಹೇಗೋ ಹೊರಗೆ ಸೋರಿ, 2017ರ ಏಪ್ರಿಲಿನಲ್ಲಿ ಬಹಿರಂಗವಾಗಿದ್ದಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳ ಆಡಳಿತಗಳಲ್ಲಿ ಸುಮಾರು ಮೂರರಲ್ಲೊಂದು ಇದರಿಂದ ತೊಂದರೆಗೀಡಾದವು. ರದ್ದಾದ ರೋಗಿಗಳ ಭೇಟಿಗಳಲ್ಲಿ 6,912 ಲೆಕ್ಕಕ್ಕೆ ಸಿಕ್ಕಿದವು. ಒಟ್ಟು 19,000ಕ್ಕೆ ಮೀರಿರಬಹುದೆಂದು ಆ ದೇಶದ ಲೆಕ್ಕಪರಿಶೋಧನಾ ಕಚೇರಿಯು ಅಂದಾಜು ಮಾಡಿತು. ಐದು ಪ್ರದೇಶಗಳಲ್ಲಿ ಅಪಘಾತಕ್ಕೆ ಸಿಕ್ಕವರನ್ನು ದೂರದ ಆಸ್ಪತ್ರೆಗೆ ಒಯ್ಯಬೇಕಾಯಿತು.

ಲೋಕವೆಲ್ಲ ಎಕ್ಸ್‌ಪಿಯ ಕಡೆಗೆ ಬೆರಳು ತೋರಿಸಿತು. ಚರಿತ್ರೆಯನ್ನು ಬರೆಯುವವನು ಇಲ್ಲಿ ಸ್ವಲ್ಪ ನಿಂತು ನೋಡಬೇಕಾಗಿದೆ. ಆ ವೇಳೆಗೆ ಆಸ್ಪತ್ರೆಗಳ ಯಂತ್ರಗಳಲ್ಲಿ ಎಕ್ಸ್‌ಪಿಯವು ನೂರಕ್ಕೆ ಐದರಷ್ಟು ಮಾತ್ರ. ಪಿಡುಗು ತಗುಲಿದವುಗಳಲ್ಲಿ ಬಹುಪಾಲು ವಿಂಡೋಸ್ 7ರವು. ಅಂದರೆ ಬೆಂಬಲವು ಇನ್ನೂ ಜೀವಂತವಾಗಿದ್ದ ವ್ಯವಸ್ಥೆಯವು. ಅದಕ್ಕೆ ತಕ್ಕ ತೇಪೆಯು ಎರಡು ತಿಂಗಳ ಮುಂಚೆ, ಮಾರ್ಚ್ 14ರಂದೇ, ಎಲ್ಲರಿಗೂ ಕಳುಹಿಸಲ್ಪಟ್ಟಿದ್ದಿತು. ಹಾಕಿಕೊಳ್ಳಬೇಕಾದವರು ಹಾಕಿಕೊಂಡಿರಲಿಲ್ಲ. ಹಾಗಿದ್ದಲ್ಲಿ ಬೆಂಬಲವಿದ್ದೂ ಇಲ್ಲದ ಮನೆಗೂ, ಬೆಂಬಲವೇ ತೀರಿದ ಮನೆಗೂ ಭೇದವೇನು? ಇನ್ನೊಂದು ಸಂಗತಿಯು ಇದಕ್ಕಿಂತಲೂ ಮನಸ್ಸನ್ನು ಚುಚ್ಚತಕ್ಕದ್ದು. ಎಕ್ಸ್‌ಪಿಗೆ ಬೇಕಾದ ತೇಪೆಯೂ ಸಿದ್ಧವಾಗಿಯೇ ಇದ್ದಿತು. ಹಣ ತೆತ್ತು ಕಾವಲನ್ನು ಕೊಂಡವರಿಗೆಂದು ಅದನ್ನು ತಯಾರಿಸಿ ಇಡಲಾಗಿದ್ದಿತು. ಪಿಡುಗು ಹಬ್ಬಿದ ಮೇಲೆ, ಹಬ್ಬಿದ ದಿನವೇ, ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಔಷಧವನ್ನು ತಯಾರಿಸುವ ಭಾರವೇ ಬೆಂಬಲವನ್ನು ಬಿಡುವುದಕ್ಕೆ ಕಾರಣವೆಂದು ಹೇಳುವುದಾದರೆ, ತಯಾರಾದ ಔಷಧವು ಬೀರುವಿನಲ್ಲಿರುವಾಗ ಆ ಕಾರಣವು ನಿಲ್ಲುವುದೇ? ಲಿನಕ್ಸಿನವರು ತೋರಿದ ಭಾರವು ನಿಜವಾದ ಭಾರ. ಇಲ್ಲಿಯದು ಅಂಗಡಿಯ ಲೆಕ್ಕವೆಂದೇ ನನಗೆ ತೋರುತ್ತದೆ. ಕಂಪೆನಿಯ ಪರವಾಗಿಯೂ ಒಂದು ಮಾತುಂಟು: ಹಳೆಯದಕ್ಕೆ ಕೊನೆಯಿಲ್ಲದೆ ಉಚಿತವಾಗಿ ತೇಪೆ ಕೊಡುತ್ತ ಹೋದರೆ ಯಾರೂ ಮನೆಯನ್ನು ಬಿಡರು, ಮನೆಯು ಮತ್ತಷ್ಟು ಶಿಥಿಲವಾಗುವುದು. ಈ ಮಾತು ಸುಳ್ಳಲ್ಲ. 2019ರ ಮೇ ತಿಂಗಳಿನಲ್ಲಿ ಮತ್ತೊಂದು ದೊಡ್ಡ ಬಿರುಕು ಕಂಡಾಗ ಎಕ್ಸ್‌ಪಿಗೆ ಮತ್ತೆ ತೇಪೆ ಹಾಕಬೇಕಾಯಿತು. ಮುಗಿಯಿತೆಂದು ಸಾರಿ ಆಗ ಐದು ವರ್ಷ ಕಳೆದಿದ್ದಿತು.

ನಮ್ಮ ದೇಶದಲ್ಲಿ ಈ ಭಾರವು ಬಿದ್ದುದು ಬ್ಯಾಂಕುಗಳ ಹಣ ಕೊಡುವ ಯಂತ್ರಗಳ ಮೇಲೆ. ಅವುಗಳಲ್ಲಿ ಎಷ್ಟೋ ಎಕ್ಸ್‌ಪಿಯಲ್ಲಿ ನಡೆಯುತ್ತಿದ್ದವು. ರಿಸರ್ವ್ ಬ್ಯಾಂಕು 2017ರಲ್ಲಿ ಎಚ್ಚರಿಕೆ ಹೇಳಿತು. ಕೆಲಸವು ನಿಧಾನವಾದುದನ್ನು ಕಂಡು 2018ರ ಜೂನ್ 21ರಂದು ಬ್ಯಾಂಕುಗಳಿಗೆ ಸುತ್ತೋಲೆಯನ್ನು ಹೊರಡಿಸಿ, ಬೆಂಬಲ ತೀರಿದ ವ್ಯವಸ್ಥೆಯುಳ್ಳ ಯಂತ್ರಗಳಲ್ಲಿ ಕಾಲುಭಾಗವನ್ನು ಆ ಸೆಪ್ಟೆಂಬರಿನೊಳಗೆ, ಅರ್ಧವನ್ನು ಡಿಸೆಂಬರಿನೊಳಗೆ, ಮುಕ್ಕಾಲುಭಾಗವನ್ನು 2019ರ ಮಾರ್ಚಿನೊಳಗೆ, ಉಳಿದುದೆಲ್ಲವನ್ನೂ ಜೂನಿನೊಳಗೆ ಬದಲಾಯಿಸಬೇಕೆಂದು ವಿಧಿಸಿತು. ತಯಾರಕರು ಬಿಟ್ಟು ನಾಲ್ಕು ವರ್ಷಗಳಾದ ಮೇಲೆ ಬಂದ ಆಜ್ಞೆಯಾದರೂ, ಒಂದೇ ಏಟಿಗೆ ಕಡಿಯದೆ ಕಂತುಗಳಲ್ಲಿ ಬಿಡಿಸುವ ಈ ಕ್ರಮದಲ್ಲಿ ವ್ಯವಹಾರಜ್ಞಾನವಿದೆ.

ಹಣದ ಸಂಬಂಧವಿಲ್ಲದ ಕಡೆ ಇದೇ ಪ್ರಶ್ನೆಯನ್ನು ಹೇಗೆ ಬಿಡಿಸಿದರೆಂಬುದಕ್ಕೆ ಪೈಥಾನ್ ಎಂಬ ಪ್ರೋಗ್ರಾಮು ಬರೆಯುವ ಭಾಷೆಯ ಚರಿತ್ರೆಯು ಉದಾಹರಣೆ. ಗುಡೋ ವಾನ್ ರಾಸಮ್ ಎಂಬ ಡಚ್ ವಿದ್ವಾಂಸರು ಹುಟ್ಟಿಸಿದ ಈ ಭಾಷೆಯನ್ನು ಬೆಳೆಸಿದವರು ಬಹುಮಟ್ಟಿಗೆ ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರು. 2008ರ ಡಿಸೆಂಬರ್ 3ರಂದು ಅವರು ಮೂರನೆಯ ಆವೃತ್ತಿಯನ್ನು ಹೊರತಂದರು. ಎರಡನೆಯದಕ್ಕೂ ಇದಕ್ಕೂ ಹೊಂದಿಕೆಯಿರಲಿಲ್ಲ, ಬೇಕೆಂದೇ ಮುರಿದಿದ್ದರು. ಮುರಿದುದಕ್ಕೆ ಮುಖ್ಯವಾದ ಕಾರಣಗಳಲ್ಲೊಂದು ನಮ್ಮಂಥವರ ಲಿಪಿಯೇ. ಪೈಥಾನ್ 2ರಲ್ಲಿ ಅಕ್ಷರಗಳ ಸರಣಿಯೆಂದರೆ ವಾಸ್ತವದಲ್ಲಿ ಬೈಟುಗಳ ಸರಣಿ. ರೋಮನ್ ಲಿಪಿಯಲ್ಲಿ ಒಂದಕ್ಷರಕ್ಕೆ ಒಂದು ಬೈಟಾದುದರಿಂದ ಅಮೆರಿಕನರಿಗೆ ಇದರ ಬಾಧೆ ತಿಳಿಯದು. 'ಕನ್ನಡ' ಎಂಬ ಶಬ್ದದ ಉದ್ದವೆಷ್ಟೆಂದು ಕೇಳಿದರೆ, ಬಹಳ ಬಳಕೆಯಲ್ಲಿರುವ ಯೂನಿಕೋಡ್ ಬರವಣಿಗೆಯ ಕ್ರಮದಲ್ಲಿ, ಅದು 15 ಎಂದು ಉತ್ತರ ಕೊಡುತ್ತಿದ್ದಿತು. ಪೈಥಾನ್ 3 ಅದಕ್ಕೆ 5 ಎಂದು ಹೇಳುವುದು: ಕಕಾರ, ನಕಾರ, ಹಲಂತದ ಚಿಹ್ನೆ, ಮತ್ತೆ ನಕಾರ, ಡಕಾರ. ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ಮೂರೇ ಆದರೂ, ಹದಿನೈದಕ್ಕಿಂತ ಐದು ವಿವೇಕದ ಉತ್ತರವೆಂಬುದನ್ನು ಯಾವ ಶಾಲೆಯ ಹುಡುಗನೂ ಒಪ್ಪುವನು.

ಸರಿಯಾದ ಕಾರಣದಿಂದ ಮುರಿದರೂ ಮುರಿದುದು ಮುರಿದುದೇ. ಹಳೆಯ ಪ್ರೋಗ್ರಾಮುಗಳನ್ನು ಹೊಸದಕ್ಕೆ ತಿರುಗಿಸುವ ಒಂದು ಸಾಧನವನ್ನು ಕೊಟ್ಟು, ಜನರು ತಾವಾಗಿ ಬರುವರೆಂದು ಅವರು ನಿರೀಕ್ಷಿಸಿದರು. ಜನರು ಬರಲಿಲ್ಲ. ತಾನು ಆಶ್ರಯಿಸಿರುವ ಹತ್ತು ಗ್ರಂಥಾಲಯಗಳು ದಾಟದ ಹೊರತು ತಾನು ದಾಟುವುದೆಂತೆಂದು ಒಬ್ಬೊಬ್ಬನೂ ದಡದಲ್ಲಿಯೇ ನಿಂತನು. 2010ರಲ್ಲಿ ಬಂದ 2.7ನೆಯ ಆವೃತ್ತಿಯೇ ಕೊನೆಯದು, ಅದಕ್ಕೆ 2015ರವರೆಗೆ ಮಾತ್ರ ಬೆಂಬಲವೆಂದು ಗೊತ್ತುಮಾಡಿದ್ದರು. 2.8 ಎಂಬುದು ಎಂದಿಗೂ ಹೊರಬರಲಾರದೆಂದು ಸಾರುವುದಕ್ಕಾಗಿಯೇ ಒಂದು ಶಾಸನಪತ್ರವನ್ನು ಬರೆದಿಟ್ಟರೆಂಬುದು ಈ ಚರಿತ್ರೆಯಲ್ಲಿ ನಗೆ ತರಿಸುವ ಸಂಗತಿ. ಹುಟ್ಟದ ಮಗುವಿಗೆ ಮರಣಪತ್ರ! ಆದರೆ ಹಟವೊಂದೇ ಅವರ ಗುಣವಾಗಿರಲಿಲ್ಲ. 2012ರ 3.3ನೆಯ ಆವೃತ್ತಿಯಲ್ಲಿ, ತಾವು ತೆಗೆದುಹಾಕಿದ್ದ ಹಳೆಯ ಬರವಣಿಗೆಯ ಒಂದು ರೂಢಿಯನ್ನು ಮರಳಿ ಸೇರಿಸಿಕೊಂಡರು. ಅದರಿಂದ ಭಾಷೆಗೆ ಲಾಭವೇನೂ ಇಲ್ಲ. ಒಂದೇ ಪ್ರೋಗ್ರಾಮು ಎರಡೂ ದಡಗಳಲ್ಲಿ ನಡೆಯುವಂತಾದುದೇ ಲಾಭ. ಬಳಿಕ 2014ರ ಏಪ್ರಿಲಿನಲ್ಲಿ, ಕೆನಡದ ಮಾಂಟ್ರಿಯಲ್ಲಿನಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ, 2015 ಎಂದಿದ್ದ ಗಡುವನ್ನು 2020ಕ್ಕೆ ಮುಂದೂಡಿದುದಾಗಿ ವಾನ್ ರಾಸಮರು ತಿಳಿಸಿದರು. ಎಕ್ಸ್‌ಪಿಯ ಬೆಂಬಲವು ತೀರಿದುದೂ ಅದೇ ತಿಂಗಳಿನಲ್ಲಿಯೇ.

ಐದು ವರ್ಷ ಮುಂದೂಡುವುದು ದೌರ್ಬಲ್ಯವಲ್ಲವೇ ಎಂಬ ಆಕ್ಷೇಪಣೆಯು ಅಂದೂ ಇದ್ದಿತು. ಒಮ್ಮೆ ಮುಂದೂಡಿದವರು ಮತ್ತೊಮ್ಮೆಯೂ ಮುಂದೂಡುವರೆಂದು ಕಾದಿದ್ದವರೂ ಉಂಟು. ಹಾಗಾಗಲಿಲ್ಲ. ನಡುವಿನ ವರ್ಷಗಳಲ್ಲಿ ದೊಡ್ಡ ದೊಡ್ಡ ಗ್ರಂಥಾಲಯಗಳವರು ತಾವು ಎಂದು ದಾಟುವೆವೆಂಬುದನ್ನು ತಾವೇ ಮುಂಚಿತವಾಗಿ ಹೇಳತೊಡಗಿದರು. ಜಾಲತಾಣಗಳನ್ನು ಕಟ್ಟುವುದಕ್ಕೆ ಬಳಸುವ ಜಾಂಗೋ ಎಂಬುದು 2017ರ ಡಿಸೆಂಬರಿನ ತನ್ನ ಎರಡನೆಯ ಆವೃತ್ತಿಯಿಂದ ಪೈಥಾನ್ 2ನ್ನು ಬಿಟ್ಟಿತು, ಆದರೆ ಅದಕ್ಕೆ ಹಿಂದಿನ ಆವೃತ್ತಿಯನ್ನು 2020ರ ಏಪ್ರಿಲಿನವರೆಗೂ ನೋಡಿಕೊಂಡಿತು. ಒಬ್ಬರಾದ ಮೇಲೊಬ್ಬರು ದಾಟಿದರು. 2020ರ ಜನವರಿ 1 ಬಂದಾಗ ಗಡುವು ಅಲುಗಲಿಲ್ಲ. ಅಷ್ಟರಲ್ಲಿ ಸೇರಿದ್ದ ತಿದ್ದುಪಡಿಗಳನ್ನೊಳಗೊಂಡ 2.7.18 ಎಂಬ ಕೊನೆಯ ಕಂತನ್ನು ಏಪ್ರಿಲ್ 20ರಂದು ಹಂಚಿ ಬಾಗಿಲು ಮುಚ್ಚಿದರು. ಆಮೇಲೂ ಬೇಕೆನ್ನುವವರಿಗಾಗಿ ರೆಡ್ ಹ್ಯಾಟಿನಂಥ ಕಂಪೆನಿಗಳು 2024ರ ಜೂನಿನವರೆಗೂ ತಮ್ಮ ಗ್ರಾಹಕರ ಹಳೆಯ ಪೈಥಾನನ್ನು ನೋಡಿಕೊಂಡವು. ಮೂಲದ ಬರವಣಿಗೆಯು ಎಲ್ಲರಿಗೂ ತೆರೆದಿದ್ದುದರಿಂದ ಇದು ಸಾಧ್ಯವಾಯಿತು. ಎಕ್ಸ್‌ಪಿಯ ಮೂಲವು ಅದರ ಒಡೆಯನ ಪೆಟ್ಟಿಗೆಯಲ್ಲಿಯೇ ಇದ್ದುದರಿಂದ ಬೇರೆ ಯಾರೂ ಅದರ ಕಾವಲಿಗೆ ನಿಲ್ಲುವಂತಿರಲಿಲ್ಲ. ಗಡುವನ್ನು ಮುಂದೂಡಬಹುದೇ ಎಂದು ಯಾರಾದರೂ ಕೇಳಿದರೆ, ಸೇತುವೆಯನ್ನು ಕಟ್ಟದವರು ಒಂದು ಸಲ ಮುಂದೂಡಿ, ಆ ಅವಧಿಯಲ್ಲಿ ಸೇತುವೆಯನ್ನು ಕಟ್ಟಬಹುದೆಂದು ನಾನು ಹೇಳುವೆನು. ಎರಡನೆಯ ಸಲ ಮುಂದೂಡಿದರೆ ಆ ಮಾತನ್ನು ಯಾರೂ ನಂಬರು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸರದಿ ಬಂದಿತು. ಚೆನ್ನಾಗಿ ನಡೆಯುತ್ತಿದ್ದರೂ ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಬಿಲ್ಲೆಯೋ ಸಂಸ್ಕಾರಕವೋ ಇಲ್ಲದ ಯಂತ್ರಗಳು ಮತ್ತೆ ದಡದಲ್ಲಿ ನಿಂತವು. ಮತ್ತೊಂದು ವರ್ಷದ ಕಾವಲನ್ನು ಯುರೋಪಿನ ಮನೆವಾರ್ತೆಯವರಿಗೆ ಹಣವಿಲ್ಲದೆ, ಉಳಿದವರಿಗೆ ಮೂವತ್ತು ಡಾಲರಿಗೆ ಅಥವಾ ಕೆಲವು ಷರತ್ತುಗಳ ಮೇಲೆ ಕೊಡುವ ಏರ್ಪಾಟಾಯಿತು. ಇದರ ಚರಿತ್ರೆಯನ್ನು ಬರೆಯುವ ಕಾಲವಿನ್ನೂ ಬಂದಿಲ್ಲ.

ಇನ್ನು ನಮ್ಮ ಮನೆಯ ಮಾತು. ಯೂನಿಕೋಡ್ ರೂಢಿಗೆ ಬರುವುದಕ್ಕೆ ಮುಂಚೆ ಕನ್ನಡದ ಅಚ್ಚಿನ ಕೆಲಸವೆಲ್ಲ ನಡೆದುದು ಇನ್ನೊಂದು ಬಗೆಯ ಅಕ್ಷರಗಳಲ್ಲಿ. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತು, ಇಳಿಗಳ ತುಂಡುಗಳನ್ನು ಕೂರಿಸಿ, ಅವುಗಳನ್ನು ಮೊಳೆಗಳಂತೆ ಜೋಡಿಸುವುದು ಅದರ ಉಪಾಯ. 1998ರಿಂದ 'ಬರಹ'ವೂ, ತರುವಾಯ 'ನುಡಿ'ಯೂ, ಇನ್ನೂ ಹಲವು ತಂತ್ರಾಂಶಗಳೂ ಈ ದಾರಿಯಲ್ಲಿ ಕನ್ನಡಕ್ಕೆ ಮಾಡಿದ ಉಪಕಾರವನ್ನು ಮರೆಯುವವನು ಕೃತಘ್ನ. ಆದರೆ ಒಬ್ಬೊಬ್ಬರ ತುಂಡುಗಳ ಕ್ರಮವೂ ಬೇರೆ; ತಕ್ಕ ಅಕ್ಷರಜೋಡಣೆಯಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇವುಗಳನ್ನು ಪುಟಕ್ಕಿಳಿಸುತ್ತಿದ್ದುದು ಪೇಜ್‌ಮೇಕರ್ ಎಂಬ ತಂತ್ರಾಂಶ; ಅದರ ಏಳನೆಯ ಆವೃತ್ತಿಯು 2001ರಲ್ಲಿ ಬಂದು, ಅದೇ ಕೊನೆಯದಾಯಿತು. ಪೈಥಾನಿನವರಂತೆ 'ಇಂಥ ದಿನಕ್ಕೆ ಹಳೆಯ ಅಕ್ಷರಗಳಿಗೆ ಕೊನೆ' ಎಂದು ಎಲ್ಲರ ಪರವಾಗಿ ಹೇಳಬಲ್ಲ ಒಡೆಯನೊಬ್ಬನು ಇಲ್ಲಿರಲಿಲ್ಲ. ಗಡುವನ್ನು ಹೇಳುವವರಿಲ್ಲದ ಕಡೆ ಹಳೆಯದು ಸಾಯುವುದೂ ಇಲ್ಲ, ಬದುಕುವುದೂ ಇಲ್ಲ.

ನಮ್ಮ ಸಂಘದ ಹಿಂದಿನ ವಿಶೇಷ ಸಂಚಿಕೆಗಳನ್ನು ಹುಡುಕಿಕೊಂಡು ನಾನು ಇತ್ತೀಚೆಗೆ ಊರಿನ ಹಳೆಯ ಮುದ್ರಣಾಲಯವೊಂದಕ್ಕೆ ಹೋಗಿದ್ದೆನು. ಒಳಗಿನ ಕೋಣೆಯ ಮೂಲೆಯಲ್ಲಿ ಎಕ್ಸ್‌ಪಿಯ ಯಂತ್ರವು ಹಸುರು ಗುಡ್ಡವನ್ನು ತೋರಿಸುತ್ತ ಕುಳಿತಿದ್ದಿತು. ಅದಕ್ಕೆ ಬರುತ್ತಿದ್ದ ಅಂತರ್ಜಾಲದ ತಂತಿಯನ್ನು ಕಿತ್ತು ಗೋಡೆಗೆ ಸುತ್ತಿಟ್ಟಿದ್ದರು. ಏಕೆಂದು ಕೇಳಿದಾಗ, ಮೂವತ್ತು ವರ್ಷಗಳಿಂದ ಅಕ್ಷರ ಜೋಡಿಸುತ್ತಿರುವ ಹಿರಿಯರು, "ಸ್ವಾಮಿ, ಇದಕ್ಕೆ ಹೊರಗಿನ ಗಾಳಿ ಆಗಿಬರುವುದಿಲ್ಲ. ನಿಮ್ಮ ಸಂಚಿಕೆಗಳೆಲ್ಲ ಇದರಲ್ಲಿಯೇ ಇವೆ. ಇದು ನಿಂತರೆ ಅವುಗಳನ್ನು ತೆರೆಯುವವರು ಯಾರು?" ಎಂದರು. ಬೆಂಬಲ ತೀರಿದ ಯಂತ್ರವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದರಲ್ಲಿ ಎಷ್ಟೋ ದೊಡ್ಡ ಕಚೇರಿಗಳಿಗಿಂತ ಅವರೇ ಜಾಣರೆಂದು ನನಗನ್ನಿಸಿತು.

ಸಂಚಿಕೆಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಆ ಬಳಿಕ ಆರಂಭಿಸಿದೆವು. ಪರಿವರ್ತಕ ತಂತ್ರಾಂಶಗಳು ಇವೆ. ಅವುಗಳಿಗೆ ತೊಡಕಾಗುವುದು ಅರ್ಕಾವೊತ್ತು. ಹಳೆಯ ಕ್ರಮದಲ್ಲಿ ಅದು ಬರೆಯುವಾಗ ಕಾಣುವಂತೆ ವ್ಯಂಜನದ ಹಿಂದೆ ಬರುವುದು. ಯೂನಿಕೋಡಿನಲ್ಲಿ ಉಚ್ಚರಿಸುವಂತೆ ಮುಂದೆ ಬರಬೇಕು. ಸ್ಥಾನ ಬದಲಾಯಿಸುವುದನ್ನು ತಂತ್ರಾಂಶವು ಮರೆತಲ್ಲಿ 'ಧರ್ಮ'ವು 'ಧಮರ್' ಆಗುತ್ತದೆ, 'ಸೂರ್ಯ'ನು 'ಸೂಯರ್' ಆಗುತ್ತಾನೆ. ಸಂಘದ ಕಾರ್ಯದರ್ಶಿಗಳೂ ನಾನೂ ಸಂಜೆಯ ಹೊತ್ತು ಕುಳಿತು ಪುಟಪುಟವಾಗಿ ತಿದ್ದುತ್ತಿದ್ದೇವೆ. ರಾಜ್ಯೋತ್ಸವದ ವಿಶೇಷ ಸಂಚಿಕೆಯು ಈಗ ಕೈಯಲ್ಲಿದೆ. ಅದರ ಮೊದಲನೆಯ ಪುಟದಲ್ಲಿಯೇ 'ಕನಾರ್ಟಕ'ವು ಏಳು ಕಡೆ ಸಿಕ್ಕಿತು.